ನನ್ನದೂ ಅದೇ ಪ್ರಶ್ನೆ

2016ರ ಮೇ 29ರ ರಾತ್ರಿ ನಾನು ಚಿನ್ನಸ್ವಾಮಿ ಕ್ರೀಡಾಂಗಣದ ಪ್ರೆಸ್ ಬಾಕ್ಸ್‌ನಲ್ಲಿ ಕುಳಿತು ಐಪಿಎಲ್ ಫೈನಲ್ ಪಂದ್ಯದ ವರದಿ ಬರೆಯುತ್ತಿದ್ದೆ. ಬೆಂಗಳೂರು ತಂಡದ ಪರ ವೆಸ್ಟ್ ಇಂಡೀಸ್‌ನ ಕ್ರಿಸ್ ಗೇಲ್ 38 ಎಸೆತಗಳಲ್ಲಿ 76 ರನ್ ಹೊಡೆದರು. ವಿರಾಟ್ ಕೊಹ್ಲಿಯವರೊಂದಿಗೆ ಮೊದಲ ವಿಕೆಟ್‌ಗೆ 114 ರನ್ ಸೇರಿಸಿದರು. ಅಷ್ಟಾದ ಮೇಲೂ ಬೆಂಗಳೂರು ತಂಡ ಹೈದರಾಬಾದ್ ಎದುರು 8 ರನ್‌ಗಳಿಂದ ಸೋತಿತು. ಗೇಲ್ ಹೆಸರನ್ನು ಕೂಗುತ್ತಿದ್ದ ಆ ಜನಸ್ತೋಮದ ನಡುವೆ ಅವರ ಆಟವನ್ನು ಮನಸಾರೆ ಹೊಗಳಿ ಬರೆದೆ, ಏಕೆಂದರೆ ಆ ಆಟ ಹೊಗಳಿಕೆಗೆ ತಕ್ಕದ್ದಾಗಿತ್ತು. ಆದರೆ ಅದೇ ವರ್ಷದ ಜನವರಿ 4ರಂದು ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಇದೇ ಆಟಗಾರ ಆಡಿದ್ದ ಒಂದು ಮಾತು ಆ ರಾತ್ರಿಯಿಡೀ ನನ್ನ ತಲೆಯಿಂದ ಹೋಗಿರಲಿಲ್ಲ.

ಆಸ್ಟ್ರೇಲಿಯಾದ ಟಿ20 ಟೂರ್ನಿಯಾದ ಬಿಗ್ ಬ್ಯಾಷ್ ಲೀಗ್‌ನ ಆ ಪಂದ್ಯದಲ್ಲಿ ಗೇಲ್ 15 ಎಸೆತಗಳಲ್ಲಿ 41 ರನ್ ಹೊಡೆದು ಔಟಾಗಿ ಬಂದಿದ್ದರು. ಟಿವಿ ವರದಿಗಾರ್ತಿ ಮೆಲ್ ಮೆಕ್‌ಲಾಫ್ಲಿನ್ ಬೌಂಡರಿ ಗೆರೆಯಾಚೆ ನಿಂತು ಅವರ ಬ್ಯಾಟಿಂಗ್ ಬಗ್ಗೆ ಕೇಳಿದರು. ಗೇಲ್ ಅದಕ್ಕೆ ಉತ್ತರವಾಗಿ, ನಿಮ್ಮ ಕಣ್ಣುಗಳನ್ನು ನೋಡಲೆಂದೇ ಇಲ್ಲಿಗೆ ಬಂದೆ, ಪಂದ್ಯ ಗೆದ್ದ ಮೇಲೆ ಜೊತೆಯಾಗಿ ಒಂದು ಡ್ರಿಂಕ್ ತೆಗೆದುಕೊಳ್ಳೋಣ, ನಾಚಿಕೊಳ್ಳಬೇಡ ಎಂಬ ಧಾಟಿಯಲ್ಲಿ ಮಾತನಾಡಿದರು. ನಾನು ನಾಚಿಕೊಳ್ಳುತ್ತಿಲ್ಲ ಎಂದಷ್ಟೇ ಹೇಳಿದ ಮೆಕ್‌ಲಾಫ್ಲಿನ್ ಸಂದರ್ಶನವನ್ನು ಮುಂದುವರಿಸಿದರು. ಕಾಮೆಂಟರಿ ಬಾಕ್ಸ್‌ನಿಂದ ನಗು ಕೇಳಿಸಿತು. ಆ ನಗು ಯಾರದ್ದು ಎಂಬುದು ನನಗೆ ಮುಖ್ಯವಲ್ಲ, ಅದು ಅಷ್ಟು ಸಲೀಸಾಗಿ ಬಂತಲ್ಲ ಎಂಬುದೇ ಮುಖ್ಯ. ಮುಂದೆ ಗೇಲ್ ಆಡುತ್ತಿದ್ದ ಕ್ಲಬ್ ಅವರಿಗೆ 10,000 ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅದೊಂದು ಸಾದಾ ತಮಾಷೆಯಾಗಿತ್ತು ಎಂದು ಹೇಳುತ್ತಲೇ ಗೇಲ್ ಕ್ಷಮೆ ಕೇಳಿದರು. ಅಲ್ಲಿಗೆ ಪ್ರಕರಣ ಮುಗಿಯಿತೆಂದು ಎಲ್ಲರೂ ಭಾವಿಸಿದರು.

ಆಗ ನಡೆದ ಚರ್ಚೆಯೆಲ್ಲವೂ ಅದು ಅವಮಾನವೋ ತಮಾಷೆಯೋ, ಆಕೆಗೆ ನೋವಾಯಿತೋ ಇಲ್ಲವೋ, ಕೆರಿಬಿಯನ್ ಜನರ ಸ್ವಭಾವವೇ ಹಾಗೆಯೋ ಎಂಬುದರ ಸುತ್ತಲೇ ತಿರುಗಿತು. ಆಕೆ ಕೇಳಿದ ಪ್ರಶ್ನೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಹದಿನೇಳು ವರ್ಷ ಕ್ರೀಡಾ ವರದಿಗಾರಿಕೆ ಮಾಡಿದ ನನಗೆ ಇಡೀ ವಿಷಯದ ಬೇರು ಅಲ್ಲಿದೆ ಎಂದು ತೋರುತ್ತದೆ. ಮೈದಾನದಲ್ಲಿ, ಪತ್ರಿಕಾಗೋಷ್ಠಿಯಲ್ಲಿ, ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ಹೆಣ್ಣುಮಗಳೊಬ್ಬಳ ಬಗ್ಗೆ ಆಡುವ ಇಂಥ ಮಾತು ಮೊದಲು ನುಂಗುವುದು ಅವಳ ಪ್ರಶ್ನೆಯನ್ನು. ಅವಳು ಕೇಳಿದ್ದು ಆಟದ ಬಗ್ಗೆ. ಮಾತು ತಿರುಗುವುದು ಅವಳ ಕಣ್ಣು, ಸೀರೆ, ಮೈಬಣ್ಣ, ಮದುವೆಯ ಕಡೆಗೆ. ಅಷ್ಟರಲ್ಲಿ ಮೈಕ್ ಮುಂದಿನವರ ಕೈಗೆ ಹೋಗಿರುತ್ತದೆ.

ನನ್ನ ಅನುಭವವನ್ನೇ ಹೇಳುತ್ತೇನೆ. ವೃತ್ತಿಗೆ ಬಂದು ಮೂರನೆಯ ವರ್ಷ, ನಗರದ ಒಂದು ಮೈದಾನದಲ್ಲಿ ನಡೆದ ಲೀಗ್ ಪಂದ್ಯ. ಕೊನೆಯ ಓವರಿನಲ್ಲಿ ಎದುರಾಳಿಗೆ 11 ರನ್ ಬೇಕಿತ್ತು. ತಂಡದ ಮುಖ್ಯ ವೇಗಿಗೆ ಇನ್ನೂ ಒಂದು ಓವರ್ ಬಾಕಿ ಇದ್ದರೂ ನಾಯಕ ಚೆಂಡನ್ನು ಅಪರೂಪಕ್ಕೆ ಬೌಲ್ ಮಾಡುವ ಬ್ಯಾಟ್ಸ್‌ಮನ್ ಒಬ್ಬನ ಕೈಗೆ ಕೊಟ್ಟ, ತಂಡ ಪಂದ್ಯ ಸೋತಿತು. ಮುಗಿದ ಮೇಲೆ ಶಾಮಿಯಾನದ ಕೆಳಗೆ ಕುಳಿತಿದ್ದ ಕೋಚ್‌ಗೆ, ಆ ವೇಗಿಗೆ ಏಕೆ ಬೌಲಿಂಗ್ ಕೊಡಲಿಲ್ಲ ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಮೇಡಂ, ಈ ಬಿಸಿಲಲ್ಲಿ ನಿಂತ್ರೆ ಬಣ್ಣ ಹಾಳಾಗುತ್ತೆ, ಮನೇಲಿ ಹೇಳೋರು ಯಾರೂ ಇಲ್ವಾ?" ಎಂದರು. ಸುತ್ತ ನಿಂತಿದ್ದ ಹನ್ನೆರಡು ಹದಿಮೂರು ಮಂದಿ ನಕ್ಕರು. ನಾನೂ ನಕ್ಕೆ. ಈ ಕೊನೆಯ ವಾಕ್ಯವನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ನಗದೇ ಇದ್ದರೆ ಸಿಡುಕಿ ಎಂಬ ಹೆಸರು ಬರುತ್ತದೆ, ನಾಳೆ ಇದೇ ಕೋಚ್ ಫೋನ್ ಎತ್ತುವುದಿಲ್ಲ, ಆಗ ಸುದ್ದಿ ತರಲಾಗದವಳು ಎಂದು ಕಚೇರಿ ನನ್ನನ್ನು ಕ್ರೀಡಾ ವಿಭಾಗದಿಂದ ಪುರವಣಿಗೆ ಕಳುಹಿಸುತ್ತದೆ ಎಂಬ ಲೆಕ್ಕವೆಲ್ಲ ಅರೆಕ್ಷಣದಲ್ಲಿ ಮನಸ್ಸಿನಲ್ಲಿ ಹಾದುಹೋಗಿತ್ತು. ನನ್ನ ಪಕ್ಕದಲ್ಲಿದ್ದವರು ಮುಂದಿನ ಪಂದ್ಯದ ಬಗ್ಗೆ ಕೇಳಿದರು, ಕೋಚ್ ಅದಕ್ಕೆ ವಿವರವಾಗಿ ಉತ್ತರಿಸಿದರು.

ಮೂರು ದಿನಗಳ ನಂತರ ಬೇರೊಂದು ಪತ್ರಿಕೆಯಲ್ಲಿ ಸುದ್ದಿ ಬಂತು: ಆ ವೇಗಿಗೆ ಭುಜದ ನೋವಿತ್ತು, ತಂಡ ಅದನ್ನು ಮುಚ್ಚಿಟ್ಟು ಆಡಿಸಿತ್ತು. ನಮ್ಮ ಕ್ರೀಡಾ ವಿಭಾಗದ ಹಿರಿಯರು ಆ ಪುಟವನ್ನು ನನ್ನ ಮೇಜಿನ ಮೇಲಿಟ್ಟು, "ನೀನು ಅಲ್ಲೇ ಇದ್ಯಲ್ಲಮ್ಮಾ, ಇದನ್ನು ಕೇಳಲಿಲ್ಲವೇ?" ಎಂದರು. ಕೇಳಿದ್ದೆ ಸರ್ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರಲಿಲ್ಲ. ನನ್ನ ಬಣ್ಣದ ಬಗೆಗಿನ ಮಾತು ಒಬ್ಬ ಹುಡುಗನ ಭುಜದ ಗಾಯವನ್ನು ಮುಚ್ಚಿತ್ತು. ಆ ಮಾತು ಬಾಯಿ ತಪ್ಪಿ ಬಂದದ್ದು ಎಂದು ನಂಬಲು ಅಂದಿನಿಂದ ನನಗೆ ಸಾಧ್ಯವಾಗಿಲ್ಲ.

ಅಮೆರಿಕದಲ್ಲಿ 2017ರ ಅಕ್ಟೋಬರ್ 4ರಂದು ನಡೆದದ್ದನ್ನು ಓದಿದಾಗ ನನಗೆ ಈ ಶಾಮಿಯಾನವೇ ನೆನಪಾಯಿತು. ಅಮೆರಿಕನ್ ಫುಟ್‌ಬಾಲ್‌ನ ಕ್ಯಾರೊಲಿನಾ ಪ್ಯಾಂಥರ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಟ ಮುನ್ನಡೆಸುವ ಆಟಗಾರ, ಕ್ಯಾಮ್ ನ್ಯೂಟನ್ ಅವರಿಗೆ ಶಾರ್ಲಟ್ ಅಬ್ಸರ್ವರ್ ಪತ್ರಿಕೆಯ ಜೋರ್ಡನ್ ರೊಡ್ರಿಗ್ ಎಂಬ ವರದಿಗಾರ್ತಿ ಡೆವಿನ್ ಫಂಚೆಸ್ ಎಂಬ ಆಟಗಾರನ ರೂಟ್‌ಗಳ ಬಗ್ಗೆ ಕೇಳಿದರು. ಎಸೆದ ಚೆಂಡನ್ನು ಹಿಡಿಯುವ ಆಟಗಾರ ಮೊದಲೇ ಗೊತ್ತುಪಡಿಸಿದಂತೆ ಓಡುವ ದಾರಿಗೆ ಅಲ್ಲಿ ರೂಟ್ ಎನ್ನುತ್ತಾರೆ. ಆ ಆಟವನ್ನು ವರದಿ ಮಾಡುವವರಿಗೆ ಇದು ನಮ್ಮ ಕ್ರಿಕೆಟ್‌ನಲ್ಲಿ ಬೌಲರ್‌ನ ಲೈನ್ ಮತ್ತು ಲೆಂಗ್ತ್ ಬಗ್ಗೆ ಕೇಳಿದಷ್ಟೇ ಸಹಜವಾದ ಪ್ರಶ್ನೆ. ನ್ಯೂಟನ್ ನಕ್ಕು, ಹೆಂಗಸೊಬ್ಬಳು ರೂಟ್‌ಗಳ ಬಗ್ಗೆ ಮಾತನಾಡುವುದನ್ನು ಕೇಳಲು ತಮಾಷೆಯಾಗಿದೆ ಎಂದರು. ಆ ಬಳಿಕ ಡ್ಯಾನನ್ ಎಂಬ ಮೊಸರಿನ ಕಂಪನಿ ಅವರೊಂದಿಗಿನ ಜಾಹೀರಾತು ಸಂಬಂಧವನ್ನು ಕಡಿದುಕೊಂಡಿತು, ಅವರು ವಿಡಿಯೊ ಮಾಡಿ ಕ್ಷಮೆ ಕೇಳಿದರು. ಕಂಪನಿ ಕೈಬಿಟ್ಟ ಮೇಲೆ ಬಂದ ಕ್ಷಮೆಯನ್ನು ತೂಗಿ ನೋಡುವ ಕೆಲಸ ನನ್ನದಲ್ಲ. ನನ್ನನ್ನು ಕಾಡುವುದು ಆ ಕೋಣೆ. ಆ ಮಾತು ಬಂದ ಗಳಿಗೆಯಲ್ಲಿ ಅಲ್ಲಿದ್ದ ಬೇರೆ ವರದಿಗಾರರು ಏನು ಮಾಡಬಹುದಿತ್ತು ಎಂದು ಇಂದಿಗೂ ಯೋಚಿಸುತ್ತೇನೆ.

ಇಂಥ ಮಾತಿನ ನಿಜವಾದ ಕೇಳುಗರು ಸುತ್ತ ನಿಂತ ಗಂಡಸರು. ಅವರು ನಗದಿದ್ದರೆ ಆ ಮಾತು ಅಲ್ಲೇ ಬಿದ್ದುಹೋಗುತ್ತದೆ. 2017ರ ಫ್ರೆಂಚ್ ಓಪನ್ ಸಮಯದಲ್ಲಿ ಮ್ಯಾಕ್ಸಿಮ್ ಆಮೂ ಎಂಬ ಟೆನಿಸ್ ಆಟಗಾರ ಯೂರೋಸ್ಪೋರ್ಟ್ ವಾಹಿನಿಯ ಮಾಲಿ ತೋಮಾ ಅವರನ್ನು ನೇರ ಪ್ರಸಾರದಲ್ಲೇ ಹಿಡಿದುಕೊಂಡು ಮತ್ತೆ ಮತ್ತೆ ಮುತ್ತಿಡಲು ಹೋದಾಗ, ಆಕೆ ಬಿಡಿಸಿಕೊಳ್ಳಲು ಹೆಣಗುತ್ತಿದ್ದರೆ ಸ್ಟುಡಿಯೊದಲ್ಲಿ ಕುಳಿತ ಆಕೆಯ ಸಹೋದ್ಯೋಗಿಗಳು ನಗುತ್ತಿದ್ದರು. ನೇರ ಪ್ರಸಾರ ಇಲ್ಲದಿದ್ದರೆ ಅವನಿಗೆ ಗುದ್ದಿಬಿಡುತ್ತಿದ್ದೆ ಎಂದು ಆಕೆ ಆಮೇಲೆ ಹೇಳಿದರು. ಫ್ರೆಂಚ್ ಟೆನಿಸ್ ಸಂಸ್ಥೆ ಆ ಆಟಗಾರನ ಪ್ರವೇಶಪತ್ರವನ್ನು ರದ್ದು ಮಾಡಿತು, ಅದು ಸರಿಯಾದ ಕ್ರಮ. ಸ್ಟುಡಿಯೊದ ನಗುವಿಗೆ ಮಾತ್ರ ಪ್ರವೇಶಪತ್ರ ಬೇಕಾಗುವುದಿಲ್ಲ, ಆದ್ದರಿಂದ ಅದನ್ನು ರದ್ದು ಮಾಡಲೂ ಬರುವುದಿಲ್ಲ.

ಮೊದಲು ಬಾಗಿಲಲ್ಲೇ ತಡೆಯುತ್ತಿದ್ದರು. 1977ರಲ್ಲಿ ಅಮೆರಿಕದ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ವೇಳೆ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯ ಮೆಲಿಸ್ಸಾ ಲಡ್ಕೆ ಅವರನ್ನು ನ್ಯೂಯಾರ್ಕ್ ಯಾಂಕೀಸ್ ತಂಡದ ಆಟಗಾರರ ಕೋಣೆಗೆ ಬಿಡಲಿಲ್ಲ. ಗಂಡಸರು ಒಳಗೆ ಹೋಗಿ ಆಟಗಾರರನ್ನು ಮಾತನಾಡಿಸಿ ಬರುವಾಗ ಅವರು ಹೊರಗೆ ಕಾಯಬೇಕಾಯಿತು. 1978ರಲ್ಲಿ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಅವರು ವರದಿಗಾರ್ತಿಯ ಪರವಾಗಿ ತೀರ್ಪು ಕೊಟ್ಟ ಮೇಲೆ ಆ ಬಾಗಿಲು ತೆರೆಯಿತು. ಬಾಗಿಲು ತೆರೆದ ಮೇಲೆ ಒಳಗೆ ಬಂದವಳನ್ನು ಮಾತಿನಿಂದ ಹೊರಗಟ್ಟುವ ಕಾಲ ಬಂತು ಎಂದು ನನಗನ್ನಿಸುತ್ತದೆ.

ನಮ್ಮ ಊರಿಗೆ ಹತ್ತಿರದ ಉದಾಹರಣೆಯೂ ಇದೆ. ಟಿವಿ ನಿರೂಪಕಿ ಮಯಂತಿ ಲ್ಯಾಂಗರ್ ನಮ್ಮ ಬೆಂಗಳೂರಿನ ಕ್ರಿಕೆಟಿಗ ಸ್ಟುವರ್ಟ್ ಬಿನ್ನಿಯವರ ಪತ್ನಿ. ಬಿನ್ನಿ 2014ರಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ 4 ರನ್‌ಗೆ 6 ವಿಕೆಟ್ ಕಿತ್ತ ದಿನ ಅದರ ಶ್ರೇಯಸ್ಸನ್ನು ಯಾರಾದರೂ ಅವರ ಹೆಂಡತಿಗೆ ಕೊಟ್ಟದ್ದು ನನಗೆ ನೆನಪಿಲ್ಲ. 2016ರ ಆಗಸ್ಟ್‌ನಲ್ಲಿ ಫ್ಲೋರಿಡಾದಲ್ಲಿ ವೆಸ್ಟ್ ಇಂಡೀಸ್ ಎದುರು ಒಂದೇ ಓವರಿನಲ್ಲಿ 32 ರನ್ ಬಿಟ್ಟುಕೊಟ್ಟ ದಿನ ಮಾತ್ರ ಬೈಗುಳದ ಮಳೆ ಸುರಿದದ್ದು ಆಕೆಯ ಮೇಲೆ. ಎಷ್ಟೋ ವರ್ಷಗಳಿಂದ ಫುಟ್‌ಬಾಲ್, ಕ್ರಿಕೆಟ್ ಕಾರ್ಯಕ್ರಮಗಳನ್ನು ಸಮರ್ಥವಾಗಿ ನಡೆಸಿಕೊಂಡು ಬಂದಿದ್ದ ವೃತ್ತಿಪರೆಯೊಬ್ಬಳು ಒಂದೇ ರಾತ್ರಿಯಲ್ಲಿ ಬರೀ ಹೆಂಡತಿಯಾಗಿಬಿಟ್ಟಳು. ಆ ಕಮೆಂಟುಗಳನ್ನು ಬರೆದವರಲ್ಲಿ ಕನ್ನಡಿಗರೂ ಇದ್ದರು; ನಾನು ಓದಿದ್ದೇನೆ, ಇಂದಿಗೂ ಹೇಸಿಗೆಯಾಗುತ್ತದೆ.

ಪತ್ರಕರ್ತರಾದ ನಾವೂ ಇದರಿಂದ ಹೊರತಲ್ಲ ಎಂಬುದನ್ನು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. 2017ರ ಮಹಿಳಾ ವಿಶ್ವಕಪ್ ಆರಂಭವಾಗುವ ಮುನ್ನ ಭಾರತ ತಂಡದ ಆಗಿನ ನಾಯಕಿ ಮಿಥಾಲಿ ರಾಜ್ ಅವರಿಗೆ ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟಿಗ ಯಾರು ಎಂದು ಕೇಳಿದ್ದು ನಮ್ಮ ವೃತ್ತಿಯವರೇ. ಪುರುಷ ಆಟಗಾರರಿಗೆ ನಿಮ್ಮ ಮೆಚ್ಚಿನ ಮಹಿಳಾ ಕ್ರಿಕೆಟರ್ ಯಾರು ಎಂದು ಕೇಳುತ್ತೀರಾ ಎಂದು ಅವರು ತಿರುಗಿ ಕೇಳಿದರು. ಭಾರತದ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ ಶಾಂತಾ ರಂಗಸ್ವಾಮಿ ಅವರನ್ನು ಕೊಟ್ಟ ಊರು ಇದು. ಇಂಥ ಊರಿನಲ್ಲೂ ಪ್ರೆಸ್ ಬಾಕ್ಸ್‌ಗೆ ಹೊಸದಾಗಿ ಬಂದ ಹುಡುಗಿಗೆ, ಬ್ಯಾಟರ್‌ಗೆ ತೀರಾ ಹತ್ತಿರದ ಫೀಲ್ಡಿಂಗ್ ಜಾಗವಾದ ಸಿಲ್ಲಿ ಪಾಯಿಂಟ್ ಎಲ್ಲಿದೆ ತೋರಿಸು ಎಂದು ಪರೀಕ್ಷೆ ಇಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ದಿನ ಕೆಲಸಕ್ಕೆ ಸೇರಿದ ಹುಡುಗನಿಗೆ ಕಾಫಿ ಕೊಟ್ಟು ಕುರ್ಚಿ ತೋರಿಸಿದರು.

ಕಾನೂನಿದೆಯಲ್ಲ, ದೂರು ಕೊಡಬಹುದಲ್ಲ ಎಂದು ಹಲವರು ಹೇಳುತ್ತಾರೆ. ಹೌದು, ಇದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಪೋಶ್ ಕಾಯ್ದೆಯ ಪ್ರಕಾರ ಕೆಲಸದ ನಿಮಿತ್ತ ಹೋಗುವ ಜಾಗವೂ ಕೆಲಸದ ಸ್ಥಳವೇ ಆಗುತ್ತದೆ, ಹಾಗಾಗಿ ಕ್ರೀಡಾಂಗಣವೂ ಅದರೊಳಗೆ ಬರುತ್ತದೆ. ತೊಂದರೆ ಕೊಟ್ಟವನು ತನ್ನ ಸಂಸ್ಥೆಯ ನೌಕರನಲ್ಲದಿದ್ದರೂ, ಪೊಲೀಸ್ ದೂರು ಕೊಡಲು ಬಯಸುವ ಮಹಿಳೆಗೆ ನೆರವಾಗುವುದು ಅವಳ ಮಾಲೀಕರ ಕರ್ತವ್ಯ. ಲೈಂಗಿಕ ಅರ್ಥದ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಅಡಿಯಲ್ಲಿ ಒಂದು ವರ್ಷದವರೆಗೆ ಶಿಕ್ಷೆ ವಿಧಿಸಬಹುದು. ಇವೆಲ್ಲ ಬೇಕು, ಪ್ರತಿಯೊಬ್ಬ ವರದಿಗಾರ್ತಿಗೂ ಗೊತ್ತಿರಬೇಕು. ಆದರೆ ಬಿಸಿಲಲ್ಲಿ ಬಣ್ಣ ಹಾಳಾಗುತ್ತದೆ ಎಂಬ ಮಾತನ್ನು ಯಾವ ಕಲಂ ಅಡಿಯಲ್ಲಿ ತರುವುದು? ಪಂದ್ಯಕ್ಕಿಷ್ಟು ಎಂದು ಹಣ ಪಡೆಯುವ ಹವ್ಯಾಸಿ ವರದಿಗಾರ್ತಿ ಮಾಲೀಕ ಎಂದು ಯಾರ ಬಳಿಗೆ ಹೋಗುವುದು? ಅವಳ ದಿನವನ್ನು ಕೆಡಿಸುವ ಮಾತುಗಳಲ್ಲಿ ಹೆಚ್ಚಿನವು ಕಾನೂನಿನ ಜರಡಿಯಿಂದ ಸೋರಿಹೋಗುವಷ್ಟು ಸಣ್ಣವು. ಅವುಗಳನ್ನು ತಡೆಯಬಲ್ಲವರು ಅದೇ ಕ್ಷಣದಲ್ಲಿ ಅವಳ ಪಕ್ಕದಲ್ಲಿ ಕುಳಿತವರು ಮಾತ್ರ.

ನಮ್ಮ ಊರಿನಲ್ಲಿ ಇಂಥ ಸಂದರ್ಭಗಳಲ್ಲಿ ಕೇಳಿಬರುವ ಮಾತೊಂದಿದೆ: "ಸ್ಪೋರ್ಟಿವ್ ಆಗಿ ತಗೊಳ್ಳಿ ಮೇಡಂ." ಆಟವನ್ನೇ ಜೀವನವಾಗಿಸಿಕೊಂಡ ನನಗೆ ಈ ಮಾತು ಇನ್ನಿಲ್ಲದ ನೋವು ಕೊಡುತ್ತದೆ. ಆಟದಲ್ಲಿ ಇಬ್ಬರಿಗೂ ಒಂದೇ ನಿಯಮ ಇರುತ್ತದೆ, ನಡುವೆ ಅಂಪೈರ್ ಇರುತ್ತಾನೆ. ಒಬ್ಬಳು ಕೈಯಲ್ಲಿ ಪುಸ್ತಕ ಪೆನ್ನು ಹಿಡಿದು ನಿಂತಿರುವಾಗ ಹತ್ತು ಮಂದಿ ಸೇರಿ ಅವಳ ಮೈಯನ್ನು ಮಾತಿಗೆ ವಸ್ತುವಾಗಿಸಿಕೊಳ್ಳುವುದು ಯಾವ ಆಟ? 2018ರಲ್ಲಿ ಬ್ರೆಜಿಲ್ ದೇಶದ ಕ್ರೀಡಾ ಪತ್ರಕರ್ತೆಯರು ಒಟ್ಟಾಗಿ ಒಂದು ಚಳವಳಿ ನಡೆಸಿದರು. ಅದರ ಹೆಸರು, ಅವಳಿಗೆ ಕೆಲಸ ಮಾಡಲು ಬಿಡಿ ಎಂಬುದು. ನಾವು ಕೇಳುತ್ತಿರುವುದೂ ಅಷ್ಟನ್ನೇ. ನಮ್ಮನ್ನು ಅಕ್ಕತಂಗಿಯರೆಂದು ಕಾಣಿ ಎಂದು ನಾನು ಕೇಳುವುದಿಲ್ಲ, ದೇವಿಯರೆಂದು ಪೂಜಿಸುವುದೂ ಬೇಡ. ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು.

ಇಷ್ಟನ್ನೂ ಬರೆಯಲು ಕಾರಣವಾದದ್ದು ಕಳೆದ ತಿಂಗಳು ನಡೆದ ಒಂದು ಪ್ರೆಸ್‌ಮೀಟ್. ನಾನೀಗ ಹೆಚ್ಚಾಗಿ ಕಚೇರಿಯಲ್ಲಿ ವರದಿಗಳನ್ನು ತಿದ್ದುವ ಡೆಸ್ಕ್‌ನಲ್ಲೇ ಇರುತ್ತೇನೆ. ಅಂದು ನಮ್ಮ ಕಿರಿಯ ವರದಿಗಾರ್ತಿಯ ಜೊತೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಚೆಂಡು ತಿರುಗುವ ಪಿಚ್‌ನಲ್ಲಿ ಎಡಗೈ ಸ್ಪಿನ್ನರ್‌ನನ್ನು ಏಕೆ ಕೈಬಿಟ್ಟಿರಿ ಎಂದು ಅವಳು ನಾಯಕನನ್ನು ಕೇಳಿದಳು. ಅವನು ಮುಗುಳ್ನಕ್ಕು, "ನಿಮ್ಮನ್ನ ಇಲ್ಲಿ ನೋಡೇ ಇಲ್ಲ, ಇನ್‌ಸ್ಟಾಗ್ರಾಂನಲ್ಲಿ ಇದ್ದೀರಾ?" ಎಂದ. ಮುಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ಅವಳ ಬೆನ್ನು ಸೆಟೆದುಕೊಂಡದ್ದು ನನಗೆ ಹಿಂದಿನಿಂದ ಕಾಣಿಸಿತು, ಆ ಸೆಟೆತ ನನಗೆ ಚೆನ್ನಾಗಿ ಗೊತ್ತು. ನಾನು ಎದ್ದು ನಿಲ್ಲಬೇಕು ಎಂದುಕೊಳ್ಳುವಷ್ಟರಲ್ಲಿ ಮೈಕ್ ಸಂಜೆ ಪತ್ರಿಕೆಯೊಂದರ ಹಿರಿಯ ವರದಿಗಾರರ ಕೈಗೆ ಹೋಗಿತ್ತು. ಅವರು ಮಿತಭಾಷಿ, ಇಷ್ಟು ವರ್ಷಗಳಲ್ಲಿ ಅವರು ಸ್ಕೋರ್ ಬಿಟ್ಟು ಬೇರೇನಾದರೂ ಮಾತನಾಡಿದ್ದನ್ನು ನಾನು ಹೆಚ್ಚಾಗಿ ಕೇಳಿಲ್ಲ. "ನನ್ನದೂ ಅದೇ ಪ್ರಶ್ನೆ," ಎಂದು ಹೇಳಿ ಮೈಕನ್ನು ಪಕ್ಕದವರಿಗೆ ಕೊಟ್ಟರು. ಪಕ್ಕದಲ್ಲಿದ್ದ ಟಿವಿ ವಾಹಿನಿಯ ಹುಡುಗ ಒಂದು ಕ್ಷಣ ತಡೆದು, ತನ್ನದೂ ಅದೇ ಪ್ರಶ್ನೆ ಎಂದ.

ಕೋಣೆ ಸುಮ್ಮನಾಯಿತು. ನಾಯಕ ನೀರಿನ ಬಾಟಲಿಯನ್ನು ಮೇಜಿನ ಮೇಲೆ ಸ್ವಲ್ಪ ಅತ್ತ ಸರಿಸಿ, ಅವಳ ಕಡೆ ನೋಡಿ ಮಾತನಾಡಲು ಶುರುಮಾಡಿದ. ಸಂಜೆಯ ಇಬ್ಬನಿಯಲ್ಲಿ ಚೆಂಡು ಒದ್ದೆಯಾಗಿ ಹಿಡಿತ ಸಿಗದು ಎಂಬ ಅಂದಾಜಿತ್ತು, ಒಂದು ಬದಿಯ ಬೌಂಡರಿ ಚಿಕ್ಕದಾಗಿತ್ತು, ಎದುರಾಳಿಯ ಮೊದಲ ಐವರಲ್ಲಿ ಮೂವರು ಎಡಗೈ ಬ್ಯಾಟರ್‌ಗಳು, ಆದರೆ ಇಬ್ಬನಿ ಬೀಳಲೇ ಇಲ್ಲ, ತಾನು ಲೆಕ್ಕ ತಪ್ಪಿದೆ ಎಂದು ಒಪ್ಪಿಕೊಂಡ. ಅವಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಅವಳ ಕಾಪಿ ರಾತ್ರಿ 10.40ಕ್ಕೆ ಡೆಸ್ಕ್‌ಗೆ ಬಂತು. ನಾಯಕ ತನ್ನ ತಪ್ಪನ್ನು ಒಪ್ಪಿಕೊಂಡ ಮಾತು ಎರಡನೆಯ ಪ್ಯಾರಾದಲ್ಲಿತ್ತು, ನಾನು ಅದನ್ನು ಎತ್ತಿ ತಲೆಬರಹಕ್ಕೆ ಹಾಕಿ ಪುಟ ಕಳುಹಿಸಿದೆ.