ಹದಿನೆಂಟು ತುಂಬಿದರೂ ಮೈನರ್

ಗದಗಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಎರಡು ಶಿಕ್ಷಣ ನೀತಿಗಳು ಒಂದೇ ಟೇಬಲ್ಲಿಗೆ ಕುಳಿತು ಓದುತ್ತಿವೆ. 2023ರಲ್ಲಿ ಧಾರವಾಡದ ಕಾಲೇಜೊಂದಕ್ಕೆ ಬಿ.ಎ. ಸೇರಿದ ಮಗಳು ರಾಷ್ಟ್ರೀಯ ಶಿಕ್ಷಣ ನೀತಿಯ ಕಡೆಯ ಕೂಸು. 2025ರಲ್ಲಿ ಅದೇ ಕಾಲೇಜಿಗೆ ಸೇರಿದ ಮಗ ರಾಜ್ಯದ ಹೊಸ ವ್ಯವಸ್ಥೆಯ ಕೂಸು. ಅವಳಿಗೆ ಎರಡು ಮುಖ್ಯ ವಿಷಯ, ಇವನಿಗೆ ಮೂರು. ಆಕೆ ರಟ್ಟು ಹಾಕಿ ಎರಡು ವರ್ಷ ಜೋಪಾನ ಮಾಡಿದ ಪುಸ್ತಕಗಳು ತಮ್ಮನ ಪಠ್ಯಕ್ಕೆ ಹೊಂದುವುದಿಲ್ಲವಾದ್ದರಿಂದ, ಅಕ್ಕ ಅವುಗಳನ್ನು ಅಟ್ಟದ ಮೇಲೆ ಜೋಳದ ಚೀಲದ ಪಕ್ಕಕ್ಕೆ ಸೇರಿಸಿದ್ದಾಳೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. 2021ರಲ್ಲಿ ಕರ್ನಾಟಕದವರಾದ ನಾವು ರಾಷ್ಟ್ರೀಯ ನೀತಿಯಂತೆ ಇಡೀ ದೇಶಕ್ಕಿಂತ ಮೊದಲು ನಾಲ್ಕು ವರ್ಷದ ಆನರ್ಸ್ ಪದವಿ ತಂದೆವೆಂದು ಬೆನ್ನು ತಟ್ಟಿಕೊಂಡೆವು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್: ಬಸ್ಸಿನಂತೆ ಯಾವ ನಿಲ್ದಾಣದಲ್ಲಾದರೂ ಇಳಿಯಬಹುದಾಗಿತ್ತು. ಆ ಬಸ್ಸಿನ ಮೊದಲ ಪ್ರಯಾಣಿಕರು ನಾಲ್ಕನೆಯ ನಿಲ್ದಾಣದತ್ತ ಹೊರಡುವ ಮೊದಲೇ, 2024ರ ಮೇ ತಿಂಗಳಲ್ಲಿ, ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ನೇಮಿಸಿದ್ದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯನ್ನು ಮುಂದಿಟ್ಟುಕೊಂಡು ಸರಕಾರವು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಒಂದು ಸರಕಾರ ಹತ್ತಿಸಿತು, ಇನ್ನೊಂದು ಇಳಿಸಿತು. ಟಿಕೆಟ್ಟಿನ ದುಡ್ಡನ್ನು ಮಾತ್ರ ಎರಡೂ ಸಲ ಕೊಟ್ಟವರು ಒಬ್ಬರೇ.

ಮೇಜರ್, ಮೈನರ್ ಎಂಬ ಮಾತುಗಳ ವಿಷಯಕ್ಕೆ ಬರೋಣ. ಮೊದಲ ನಾಲ್ಕು ಸೆಮಿಸ್ಟರ್ ಎರಡು ವಿಷಯಗಳನ್ನು ಸಮನಾಗಿ ಓದಿ, ಮೂರನೆಯ ವರ್ಷಕ್ಕೆ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಳ್ಳಬೇಕೆಂದು ನನ್ನ ಸೊಸೆ, ಅಂದರೆ ಅಕ್ಕನ ಮಗಳು, ವಿವರಿಸಿದಾಗ ಅವಳ ಅಜ್ಜಿ ಗಾಬರಿಯಾಗಿ, "ಹದಿನೆಂಟು ತುಂಬಿ ಓಟ್ ಹಾಕಿ ಬಂದಾಕಿ ಮತ್ತ ಮೈನರ್ ಹೆಂಗ ಆಕ್ಕೀಯವಾ?" ಎಂದು ಕೇಳಿದರು. ಅಜ್ಜಿಯ ಪ್ರಶ್ನೆ ಎಷ್ಟು ಸರಿಯಾದುದೆಂಬುದು ಕಾಲೇಜಿನ ಕಚೇರಿಯಲ್ಲಿ ತಿಳಿಯಿತು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪದವಿ ಪಠ್ಯಕ್ರಮದ ಚೌಕಟ್ಟನ್ನು ನಾನೂ ಓದಿದ್ದೇನೆ. ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ಅಂದರೆ ಕಲಿಕೆಯ ಹೊರೆಯನ್ನು ಅಳೆಯುವ ಮಾನ. ಅದರಲ್ಲಿ ಮೇಜರ್‌ಗೆ 60, ಮೈನರ್‌ಗೆ 24, ಉಳಿದದ್ದು ಭಾಷೆ, ಕೌಶಲ್ಯ, ಮೌಲ್ಯವರ್ಧನೆ, ಇಂಟರ್ನ್‌ಶಿಪ್ ಎಂದು ಹಂಚಿ ಹೋಗುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನೂ ಇಷ್ಟು ನಿಖರವಾಗಿ ತೂಗಲಿಕ್ಕಿಲ್ಲ. ಭೌತಶಾಸ್ತ್ರದ ಜೊತೆ ಸಂಗೀತ ಕಲಿಯಬಹುದು, ವಾಣಿಜ್ಯದ ಹುಡುಗ ಸಸ್ಯಶಾಸ್ತ್ರ ಓದಬಹುದು ಎಂಬ ಆ ಕನಸನ್ನು ನಾನು ನಿಜಕ್ಕೂ ಮೆಚ್ಚುತ್ತೇನೆ. ಆದರೆ ಆ ಸಂಗೀತವನ್ನು ಕಲಿಸುವವರು ಯಾರು?

ಕಲಿಸುವವರನ್ನು ನಿರ್ಧರಿಸುವುದು 'ಕಾರ್ಯಭಾರ' ಎಂಬ ಮಹಾಶಕ್ತಿ. ವಾರಕ್ಕೆ 16 ಗಂಟೆ ತುಂಬದ ಅಧ್ಯಾಪಕರು ಯಾವ ವಿಭಾಗದಲ್ಲಿದ್ದಾರೋ ಆ ವಿಭಾಗವೇ ಆ ವರ್ಷದ ಮುಕ್ತ ಐಚ್ಛಿಕ ವಿಷಯವಾಗಿ, ಅಂದರೆ ಮುಖ್ಯ ವಿಷಯಗಳಾಚೆ ಆರಿಸಿಕೊಳ್ಳುವ ವಿಷಯವಾಗಿ, ಅರಳುತ್ತದೆ. ಸೊಸೆಗೆ ಮೊದಲ ವರ್ಷ ಸಿಕ್ಕ ಮುಕ್ತ ಆಯ್ಕೆಗಳ ಸಂಖ್ಯೆ ಒಂದು. ಬೇರೆ ಏನಿದೆ ಎಂದು ನಾನು ಕೇಳಿದಾಗ ಗುಮಾಸ್ತರು ಕತ್ತೆತ್ತದೆ, "ಇದ್ದದ್ದು ಇಷ್ಟ ಐತ್ರಿ ಸರ, ಅದನ್ನ ಆರಿಸ್ಕೋರಿ" ಎಂದಿದ್ದರು. ನಮ್ಮ ಖಾನಾವಳಿಗಳಲ್ಲೂ ಆಯ್ಕೆಯಿರುವುದಿಲ್ಲ; ಝುಣಕ ಇದ್ದ ದಿನ ಝುಣಕ, ಎಣ್ಣೆಗಾಯಿ ಇದ್ದ ದಿನ ಎಣ್ಣೆಗಾಯಿ. ಆದರೆ ಬಡಿಸುವವರು ಅದಕ್ಕೆ ಬಹುಶಿಸ್ತೀಯ ಊಟವೆಂದು ಹೆಸರಿಡುವುದಿಲ್ಲ, ಮತ್ತು ಇನ್ನೊಂದು ರೊಟ್ಟಿ ಕೇಳಿದರೆ ಹಾಕುತ್ತಾರೆ. ಡಿಜಿಟಲ್ ಫ್ಲುಯೆನ್ಸಿ ಎಂಬ ಎರಡು ಕ್ರೆಡಿಟ್ಟಿನ ವಿಷಯವನ್ನು ಅವಳು ಗೈಡ್ ಉರುಹೊಡೆದು ಪಾಸು ಮಾಡಿದಳು. ಆ ಕಾಲೇಜಿನ ಕಂಪ್ಯೂಟರುಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಧೂಳಿನಲ್ಲಿ ಯಾರೋ ಬೆರಳಿನಿಂದ ತಮ್ಮ ಹೆಸರು ಬರೆದಿದ್ದರು.

ನಗುವುದಕ್ಕೂ ಒಂದು ಮಿತಿಯಿದೆ. ಕೂಲಿ ಬಿಟ್ಟು ಬಂದ ತಂದೆಯೊಬ್ಬರು ಕಚೇರಿಯ ಕಿಟಕಿಯ ಮುಂದೆ ನಿಂತು, ಈ ವಿಷಯ ತೆಗೆದುಕೊಂಡರೆ ಮಗನಿಗೆ ಮುಂದೆ ಬಿ.ಇಡಿ. ಸಿಗುತ್ತದೆಯೇ ಎಂದು ಮೂರು ಸಲ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಖಾಯಂ ಅಧ್ಯಾಪಕರನ್ನು ನೇಮಿಸದೆ, ವರ್ಷವರ್ಷವೂ ಅತಿಥಿ ಉಪನ್ಯಾಸಕರ ಮೇಲೆ ಕಾಲೇಜು ನಡೆಸುತ್ತ, ಪಠ್ಯ ತಲುಪುವ ಮೊದಲೇ ನೀತಿ ಬದಲಿಸುವವರಿಗೆ ಆ ಮನುಷ್ಯನ ಒಂದು ದಿನದ ಕೂಲಿಯ ಬೆಲೆಯೂ ಗೊತ್ತಿಲ್ಲ. ಇದು ನೀತಿಯಲ್ಲ, ಉಡಾಫೆ.

ಸೊಸೆಗೆ ಅರ್ಥಶಾಸ್ತ್ರವನ್ನು ಮೇಜರ್ ಮಾಡಿಕೊಳ್ಳುವ ಆಸೆಯಿತ್ತು. ಆಯ್ಕೆಯ ಅರ್ಜಿ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆಂದು ಹೇಳಿದ್ದರಿಂದ ಎರಡು ರೂಪಾಯಿ ಕೊಟ್ಟು ತಂದೆವು. ಮೇಜರ್ ಎಂಬಲ್ಲಿ ಇತಿಹಾಸ, ಅರ್ಥಶಾಸ್ತ್ರ ಎಂದು ಎರಡು ಚೌಕಗಳಿದ್ದವು. ಮೂಲ ಪ್ರತಿಯಲ್ಲೇ ಯಾರೋ ಇತಿಹಾಸಕ್ಕೆ ಟಿಕ್ ಹಾಕಿದ್ದರಿಂದ ಎಲ್ಲ ಪ್ರತಿಗಳಲ್ಲೂ ಆ ಟಿಕ್ ಅಚ್ಚಾಗಿ ಬಂದಿತ್ತು. ಕೆಳಗೆ, "ಮೇಲಿನ ಆಯ್ಕೆಯನ್ನು ಸ್ವಇಚ್ಛೆಯಿಂದ ಮಾಡಿರುತ್ತೇನೆ" ಎಂಬ ಸಾಲು, ಸಹಿಗೆ ಜಾಗ. ಪಾಲಕರ ಸಹಿಯೂ ಬೇಕಾಗಿತ್ತು, ನಾನೇ ಮಾಡಿದೆ.