ನಮ್ಮ ಕಡೆಯೂ ಒಂದು ತೂತಿನ ಕಾಸಿತ್ತು

ಹಳೇ ನಾಣ್ಯಗಳ ಬಗೆಗಿನ ನಿಮ್ಮ ಲೇಖನದಲ್ಲಿ ಬ್ರಿಟಿಷರ 1943ರ ತೂತಿನ ಒಂದು ಪೈಸೆಯ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಯುದ್ಧದಲ್ಲಿ ತಾಮ್ರ ಉಳಿಸೋಕೆ ನಡುವೆ ಕೊರೆದರು ಅನ್ನೋದು ಸರಿ. ಆದರೆ ನಮ್ಮ ಕಲಬುರಗಿ ಕಡೆ ಆಗ ಹೈದರಾಬಾದಿನ ನಿಜಾಮರ ಆಳ್ವಿಕೆ; ಅವರದೇ ಟಂಕಸಾಲೆ, ಅವರದೇ ಹಾಲಿ ಸಿಕ್ಕಾ ಅನ್ನೋ ರೂಪಾಯಿ. ಬ್ರಿಟಿಷರ ರೂಪಾಯಿಗೆ ಇಲ್ಲಿ ಕಲ್ದಾರ್ ಅಂತಿದ್ದರು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಬ್ರಿಟಿಷರ ಕೈಲಿದ್ದ ಸೊಲ್ಲಾಪುರಕ್ಕೆ ಹೋಗಿ ಬರೋ ವ್ಯಾಪಾರಿಗೆ ದಿನಾ ಇದೇ ಲೆಕ್ಕ.

ನಿಜಾಮರೂ ಅದೇ ಹೊತ್ತಿಗೆ ಎರಡು ಪೈಯ (ಹನ್ನೆರಡು ಪೈ ಅಂದರೆ ಒಂದಾಣೆ) ಕಂಚಿನ ಕಾಸಿಗೆ ತೂತು ಹಾಕಿಸಿದರು. ನನ್ನ ಹತ್ತಿರ ಒಂದಿದೆ. ಬ್ರಿಟಿಷ್ ಪೈಸೆಯಲ್ಲಿ ತೂತಿನ ಮೇಲೆ ಕಿರೀಟ ಕೂತಿದ್ದರೆ, ಇದರಲ್ಲಿ ಸುತ್ತಲೂ ಉರ್ದು ಅಕ್ಷರ, ಹಿಜರಿ ವರ್ಷ. ಅಂಚು ಸವೆದು ನುಣ್ಣಗಾಗಿದೆ. ಅಜ್ಜಿ ಅದನ್ನ ಮಗುವಿನ ಉಡದಾರಕ್ಕೆ ಕಟ್ಟಿದ್ದಳಂತೆ. ನನಗೆ ಇನ್ನೂ ಇಷ್ಟ ಆಗೋದು ಬೆಳ್ಳಿ ನಾಣ್ಯದ ಚಾರ್‌ಮಿನಾರ್. ಅದರ ಬಾಗಿಲೊಳಗೆ ಒಂದೇ ಒಂದು ಪುಟ್ಟ ಅಕ್ಷರ, ಆಗಿನ ನಿಜಾಮ ಉಸ್ಮಾನ್ ಅಲಿ ಖಾನ್ ಹೆಸರಿನ ಮೊದಲಕ್ಷರ. ಬರಿಗಣ್ಣಿಗೆ ಸುಲಭಕ್ಕೆ ಕಾಣಲ್ಲ.

1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿರಿ. ನಿಜವಾದ ಗೋಳು ಶುರುವಾಗಿದ್ದೇ ಆಗ! ಹದಿನಾರಾಣೆಯ ರೂಪಾಯಿಗೆ ನೂರು ನಯಾ ಪೈಸೆ, ಹಾಗಾಗಿ ಒಂದಾಣೆ ಅಂದರೆ ಆರೂಕಾಲು ಪೈಸೆ. ಕಾಲು ಪೈಸೆ ಎಲ್ಲಿಂದ ತರೋದು? ಅದಕ್ಕೇ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಅಂತ ನಿಗದಿಯಾಯಿತು. ಒಂದೊಂದಾಣೆ ಸಾಮಾನನ್ನ ಮೂರು ಸಲ ಬಿಡಿಬಿಡಿಯಾಗಿ ಕೊಂಡರೆ 18, ಒಟ್ಟಿಗೆ ಕೊಂಡರೆ 19. ಅಂಗಡಿಯವರಿಗೂ ಗಿರಾಕಿಗೂ ಜಗಳ ಆಗದೆ ಇರುತ್ತಾ?