ಅಟ್ಟಿಲಾನ ಗಡಿಯೂ ಗಿರವಿಯ ಬಟ್ಟಲೂ

ಜಾಲತಾಣದಲ್ಲಿ ಮತ್ತೆ ಆ ಹೂಣರ ಮ್ಯಾಪು ಬಂದಿದೆ. ರೈನ್ ನದಿಯಿಂದ ಯುರಲ್ ಬೆಟ್ಟದತನಕ ಮೈಚಾಚಿ, ಬಾಲ್ಟಿಕ್ ಸಮುದ್ರದ ಹತ್ತಿರ ತಲೆಯಿಟ್ಟು ಮಲಗಿದ ಕೆಂಪು ಬಣ್ಣ. ಕೆಳಗೆ 'ಹೂಣ ಸಾಮ್ರಾಜ್ಯ, ಕ್ರಿ.ಶ. 450'. ಅಂಚಿನ ಗೆರೆ ನೋಡಬೇಕು! ಸರ್ವೆಯವರು ಚೈನು ಹಿಡಿದು ಕಲ್ಲು ನೆಟ್ಟು ಹೋದಂತಿದೆ. ನಮ್ಮ ಹಿತ್ತಿಲು ಎಲ್ಲಿಗೆ ಮುಗಿಯುತ್ತದೆ ಎಂದು ಪಕ್ಕದ ಮನೆಯವರಿಗೂ ನಮಗೂ ಇನ್ನೂ ಇತ್ಯರ್ಥವಾಗಿಲ್ಲ. ಕುದುರೆ ಮೇಲೆ ಓಡಾಡಿದವರ ಬಡಗಣ ಗಡಿ ಮಾತ್ರ ಸ್ಕೇಲಿಟ್ಟು ಎಳೆದಹಾಗೆ ಸಿಕ್ಕಿಬಿಟ್ಟಿದೆ.

ಆಧಾರ? 449ರಲ್ಲಿ ಹೂಣರ ದೊರೆ ಅಟ್ಟಿಲಾನ ಬಿಡಾರಕ್ಕೆ ಪೂರ್ವ ರೋಮಿನ ರಾಯಭಾರಿಯ ಜೊತೆ ಹೋದ ಬರಹಗಾರ ಪ್ರಿಸ್ಕಸ್‌ಗೆ ಅಲ್ಲಿ ಪಶ್ಚಿಮ ರೋಮಿನ ರಾಯಭಾರಿ ರೊಮುಲಸ್ ಸಿಕ್ಕ. ಆತ ಬಂದಿದ್ದು ಯಾರೋ ಗಿರವಿ ಇಟ್ಟ ಚರ್ಚಿನ ಬಟ್ಟಲುಗಳ ತಕರಾರಿಗೆ. ಅಟ್ಟಿಲಾ ಜಗ್ಗಲಿಲ್ಲ. ಬೇಸತ್ತ ರೊಮುಲಸ್ ಅಂದ: ಸಾಗರದ ದ್ವೀಪಗಳನ್ನೂ ಆಳುವವನು, ನಮ್ಮ ಮಾತು ಕೇಳ್ತಾನಾ? ಯಾವ ಸಾಗರ, ಯಾವ ದ್ವೀಪ, ಹೇಳಲಿಲ್ಲ. ಮುಂದೆ ಪಂಡಿತರು ಕೆಲವರು ಡೆನ್ಮಾರ್ಕಿಗೆ ಹೋದರು, ಕೆಲವರು ಬ್ರಿಟನ್ನಿಗೇ ದೋಣಿ ಹತ್ತಿದರು. ಕೆಲಸವಾಗದವನ ಗೊಣಗಾಟವೇ ಒಂದು ಗಡಿಯಾಯಿತು.

ಹೂಣರ ನುಡಿಯೆಂದು ಉಳಿದದ್ದಾದರೂ ಏನು? ಹೆಸರುಗಳನ್ನು ಬಿಟ್ಟರೆ ಮೂರು ಪದ: ಮೆದೋಸ್, ಕಾಮೋನ್, ಸ್ತ್ರಾವ. ಮೊದಲೆರಡು ಕುಡಿಯುವುದು, ಮೂರನೆಯದು ಸತ್ತವರ ಹೆಸರಲ್ಲಿ ಉಣ್ಣುವುದು. ಅವೂ ಹೂಣರವೇ ಹೌದೋ ಎಂದು ಜಗಳ ಮುಗಿದಿಲ್ಲ. 453ರಲ್ಲಿ ಮದುವೆಯ ರಾತ್ರಿಯೇ ಮೂಗಲ್ಲಿ ರಕ್ತ ಸುರಿದು ಅಟ್ಟಿಲಾ ಸತ್ತ. ಮರುವರ್ಷ ನೆದಾವೋ ನದಿಯ ಬಳಿ ಮಕ್ಕಳು ಸೋತು ರಾಜ್ಯ ಚಿಂದಿಯಾಯಿತು. ಆ ನದಿ ಯಾವುದೆಂದು ಇವತ್ತಿಗೂ ಗೊತ್ತಿಲ್ಲ. ಬಣ್ಣ ಬಳಿದವರಿಗೆ ಬಿಡಿ, ಎಲ್ಲ ಗೊತ್ತು.

'ಎಂಥಾ ಸಾಮ್ರಾಜ್ಯ ಸಾರ್!' ಎಂದು ಮ್ಯಾಪಿನ ಕೆಳಗೆ ಉದ್ಗಾರ ಬೇರೆ. ಆಹಾ, ಎಂಥಾ ಸಾಮ್ರಾಜ್ಯ. ಪೂರ್ವ ರೋಮಿನ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಅಟ್ಟಿಲಾನಿಗೆ ವರ್ಷಕ್ಕೆ 2,100 ಪೌಂಡ್ ಚಿನ್ನ ಕಕ್ಕಬೇಕು, ಹಳೇ ಬಾಕಿ 6,000 ಬೇರೆ. ಅದನ್ನು ತುಂಬಲು ಹೆಂಡತಿಯ ಒಡವೆ, ಮನೆಯ ಸಾಮಾನು ಮಾರಾಟಕ್ಕಿಟ್ಟವರಿದ್ದರು. ಇದಕ್ಕೆ ಯಾವ ಬಣ್ಣ ಹಚ್ಚುತ್ತೀರಿ? ಸಾಕಪ್ಪ, ಸಾಕಾಯಿತು ಈ ದೊಡ್ಡಸ್ತಿಕೆಯ ಜಾತ್ರೆ.

ರೋಮನರ ಸಿರ್ಮಿಯಂ ಊರಿನಿಂದ ಸೆರೆಹಿಡಿದು ತಂದ ಕಟ್ಟಡದವನೊಬ್ಬ ಅಟ್ಟಿಲಾನ ಬಲಗೈ ಒನೆಗೇಸಿಯಸ್‌ಗೆ ಸ್ನಾನದ ಮನೆ ಕಟ್ಟಿಕೊಟ್ಟ. ಆ ಬಯಲಲ್ಲಿ ಕಲ್ಲೂ ಇಲ್ಲ, ಮರವೂ ಇಲ್ಲ. ಕಲ್ಲನ್ನು ಡಾನ್ಯೂಬ್ ದಡದ ಪನ್ನೋನಿಯಾ ಸೀಮೆಯಿಂದ ತರಿಸಿದರು. ಕೆಲಸ ಮುಗಿದರೆ ಬಿಟ್ಟು ಕಳಿಸುತ್ತಾರೆಂದು ನಂಬಿದ್ದ. ಮುಗಿದ ಮೇಲೆ ಅದೇ ಬಚ್ಚಲಿಗೆ ಅವನನ್ನೇ ಆಳಾಗಿ ನೇಮಿಸಿದರು.